ಪ್ಲಗ್ ಹಾಕುವ ಮುಂಚೆ ಬೆನ್ನು ನೋಡಿ!

ಜಪಾನಿನ ಟೂ-ಇನ್-ಒನ್‌ಗೆ ನಮ್ಮೂರ ಕರೆಂಟೇ ಯಮ

ಅಟ್ಟದ ಮೇಲೆ ಧೂಳು ತಿನ್ನುತ್ತ ಕೂತಿದ್ದ ಟೂ-ಇನ್-ಒನ್‌ಗಳಿಗೆ ಮತ್ತೆ ಶುಕ್ರದೆಸೆ ಬಂದಿದೆ. ನಲವತ್ತು ವರ್ಷದ ಹಿಂದೆ ದುಬೈಯಿಂದಲೋ ದಮ್ಮಾಮಿನಿಂದಲೋ ಹೆಗಲೇರಿ ಬಂದ ನ್ಯಾಷನಲ್ ಪ್ಯಾನಸೋನಿಕ್, ಶಾರ್ಪ್, ಸಾನ್ಯೊ ಸೆಟ್ಟುಗಳನ್ನು ಮಕ್ಕಳು ಮೊಮ್ಮಕ್ಕಳು ಕೆಳಗಿಳಿಸಿ ಒರೆಸುತ್ತಿದ್ದಾರೆ. ಮನೆಯಲ್ಲಿ ಅಂಥದ್ದಿಲ್ಲದವರು ಮೊಬೈಲಿನಲ್ಲಿ ಹುಡುಕಿ ಜಪಾನಿನಿಂದ, ಅಮೆರಿಕದಿಂದ ಹಳೇ ಸೆಟ್ಟು ತರಿಸಿಕೊಳ್ಳುವುದೂ ಉಂಟು. ಎರಡು ದೊಡ್ಡ ಸ್ಪೀಕರು, ನಡುವೆ ಕ್ಯಾಸೆಟ್ಟಿನ ಬಾಗಿಲು, ಮೇಲೊಂದು ಹಿಡಿ, ಕುಣಿಯುವ ಮುಳ್ಳು. ನೋಡಲಿಕ್ಕೇ ಒಂದು ಗತ್ತು!

ಸಂತೋಷದ ವಿಷಯವೇ. ಆದರೆ ಈ ಸಂತೋಷ ಹತ್ತೇ ಸೆಕೆಂಡಿಗೆ ಮುಗಿದುಹೋಗುವ ಅಪಾಯವೂ ಇದೆ. ಸೆಟ್ಟು ಬಂತು, ಒರೆಸಿದ್ದಾಯ್ತು, ಮನೆಯಲ್ಲಿದ್ದ ಯಾವುದೋ ವೈರು ಸಿಕ್ಕಿಸಿದ್ದಾಯ್ತು, ಗೋಡೆಯ ಸ್ವಿಚ್ಚು ಒತ್ತಿದ್ದಾಯ್ತು. ಒಂದು ಸಲ ಗುಂಯ್ ಎಂದು ಸದ್ದು. ಆಮೇಲೆ ಸುಟ್ಟ ವಾರ್ನಿಶ್ ವಾಸನೆ. ಆಮೇಲೆ ಏನೂ ಇಲ್ಲ. ಸಾವಿರಾರು ರೂಪಾಯಿಯ ಮಾಲು ಬರೀ ಪ್ಲಾಸ್ಟಿಕ್ ಪೆಟ್ಟಿಗೆ.

ಸೆಟ್ಟು ಕೆಟ್ಟುಹೋಗಿತ್ತಾ? ಇಲ್ಲ. ಮಾರಿದವನು ಮೋಸ ಮಾಡಿದನಾ? ಇರಲಿಕ್ಕಿಲ್ಲ. ಆ ಸೆಟ್ಟು ಬೇರೆ ದೇಶದ ಕರೆಂಟಿಗೆ ಹುಟ್ಟಿದ್ದು, ಅಷ್ಟೇ. ಅದರ ಬೆನ್ನ ಮೇಲೆ ಸಣ್ಣಕ್ಷರದಲ್ಲಿ ಅದನ್ನು ಬರೆದೂ ಇರುತ್ತದೆ. ಓದುವವರು ಯಾರು?

ಇದು ಬರೀ ಹಾಡಿನ ಷೋಕಿಯ ಮಾತಾಗಿದ್ದರೆ ಈ ಅಂಕಣದಲ್ಲಿ ಇಷ್ಟು ಜಾಗ ಕೊಡುವ ಅಗತ್ಯ ಇರಲಿಲ್ಲ. ನಮ್ಮ ಕರಾವಳಿಯ ಮಟ್ಟಿಗೆ ಸಂಗತಿ ಬೇರೆ. ಫೋನು ದುಬಾರಿಯಾಗಿದ್ದ ಕಾಲದಲ್ಲಿ ಗಲ್ಫಿಗೆ ಹೋದ ಗಂಡಂದಿರು, ಮಕ್ಕಳು ಕಾಗದದ ಬದಲು ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸುತ್ತಿದ್ದರು. ಊರಿಂದ ಅಮ್ಮ, ಅಜ್ಜಿ, ಹೆಂಡತಿ ಅದರಲ್ಲೇ ಉತ್ತರ ಹೇಳಿ ಕಳಿಸುತ್ತಿದ್ದರು. ಆ ಕ್ಯಾಸೆಟ್ಟುಗಳು ಇನ್ನೂ ಕೆಲವು ಮನೆಗಳ ಟ್ರಂಕಿನಲ್ಲಿವೆ. ಮಾತಾಡಿದವರಲ್ಲಿ ಎಷ್ಟೋ ಜನ ಈಗ ಇಲ್ಲ. ಅವರ ದನಿ ಕೇಳಿಸಬೇಕಾದ ಯಂತ್ರವನ್ನೇ ಒಂದು ಸ್ವಿಚ್ಚಿನಲ್ಲಿ ಸುಟ್ಟರೆ? ಅದಕ್ಕೇ ಈ ಲೇಖನ.

ಊರಿಗೊಂದು ನೀರು, ದೇಶಕ್ಕೊಂದು ಕರೆಂಟು

ನಮ್ಮ ಮನೆಗೆ ಬರುವುದು 230 ವೋಲ್ಟ್, 50 ಹರ್ಟ್ಸ್. ಇದೇ ಜಗತ್ತಿನ ಲೆಕ್ಕ ಅಂತ ನಾವು ತಿಳಿದಿದ್ದೇವೆ. ಅಲ್ಲ ಸ್ವಾಮಿ.

ಜಪಾನಿನಲ್ಲಿ ಮನೆಯ ಕರೆಂಟು 100 ವೋಲ್ಟ್. ನಮ್ಮದರ ಅರ್ಧಕ್ಕಿಂತಲೂ ಕಡಿಮೆ. ಅಮೆರಿಕ, ಕೆನಡಾದಲ್ಲಿ 120 ವೋಲ್ಟ್. ತೈವಾನಿನಲ್ಲಿ 110. ಇಂಗ್ಲೆಂಡಿನಲ್ಲಿ ಟೂ-ಇನ್-ಒನ್ ಆಳುತ್ತಿದ್ದ ಕಾಲಕ್ಕೆ 240, ಜರ್ಮನಿ ಫ್ರಾನ್ಸ್ ಕಡೆ 220. 1990ರ ದಶಕದಲ್ಲಿ ಯುರೋಪಿನವರೆಲ್ಲ ಕೂತು ಮಾತಾಡಿ ಕಾಗದದ ಮೇಲೆ 230 ಎಂದು ಒಂದು ಮಾಡಿಕೊಂಡರು. ಆ ಕಾಲದ ಸೆಟ್ಟುಗಳ ಬೆನ್ನ ಮೇಲೆ ಮಾತ್ರ ಹಳೇ ಅಂಕೆಯೇ ಇದೆ.

ಇನ್ನು ನಮ್ಮವರ ಗಲ್ಫು. ದುಬೈ, ಕುವೈತ್, ಮಸ್ಕತ್, ಬಹ್ರೇನ್ ಎಲ್ಲ 220ರಿಂದ 240ರ ಒಳಗೆ, 50 ಹರ್ಟ್ಸ್. ಅಂದರೆ ಹೆಚ್ಚುಕಡಿಮೆ ನಮ್ಮ ಮನೆಯ ಕರೆಂಟೇ. ಸೌದಿ ಅರೇಬಿಯಾ ಒಂದು ಮಾತ್ರ ಬೇರೆ ದಾರಿ. ಅಲ್ಲಿ ಮನೆಗಳಲ್ಲಿ ಬಹುಕಾಲ ಓಡಿದ್ದು 127 ವೋಲ್ಟ್, ಅದೂ 60 ಹರ್ಟ್ಸ್. 2010ರಲ್ಲಿ ಅಲ್ಲಿನ ಸರ್ಕಾರ ಇದನ್ನು ನಿಧಾನಕ್ಕೆ 230ಕ್ಕೆ ಬದಲಿಸುವ ತೀರ್ಮಾನ ಮಾಡಿತು. ಹಾಗಾಗಿ ‘ಗಲ್ಫಿನ ಸೆಟ್ಟು, ನಮ್ಮಲ್ಲಿ ನಡೆಯುತ್ತೆ’ ಎಂದು ಕಣ್ಣುಮುಚ್ಚಿ ಹೇಳುವಂತಿಲ್ಲ. ಯಾವ ಗಲ್ಫು ಅಂತ ಮೊದಲು ಕೇಳಬೇಕು.

ಎಂಟರ ಆಕಾರದ ಬಲೆ

ಇಷ್ಟೆಲ್ಲ ವ್ಯತ್ಯಾಸ ಇದ್ದರೆ ವೈರಾದರೂ ಹಿಡಿಸಬಾರದಿತ್ತಲ್ಲ ಅಂತ ನೀವು ಕೇಳಬಹುದು. ಅಲ್ಲೇ ಇರುವುದು ಬಲೆ!

ಗೋಡೆಗೆ ಹೋಗುವ ಪ್ಲಗ್ಗು ದೇಶಕ್ಕೊಂದು ಥರ. ಜಪಾನ್, ಅಮೆರಿಕದ್ದು ಚಪ್ಪಟೆ ಎರಡು ಕಾಲು. ನಮ್ಮದು ದುಂಡು ಕಾಲು. ಇಂಗ್ಲೆಂಡಿನದು ದಪ್ಪ ಮೂರು ಕಾಲು. ಆದರೆ ಸೆಟ್ಟಿನ ಬೆನ್ನಿಗೆ ಹೋಗುವ ತುದಿ? ಬಹಳಷ್ಟು ಸೆಟ್ಟುಗಳಲ್ಲಿ ಅದು ಇಂಗ್ಲಿಷಿನ ಎಂಟರ ಆಕಾರದ ಎರಡು ತೂತು. ಜಪಾನಿನ 100 ವೋಲ್ಟಿನ ಸೆಟ್ಟಿಗೂ ಅದೇ, ಇಂಗ್ಲೆಂಡಿನ 240 ವೋಲ್ಟಿನ ಸೆಟ್ಟಿಗೂ ಅದೇ. ಯಾವ ಎಲೆಕ್ಟ್ರಿಕ್ ಅಂಗಡಿಯಲ್ಲೂ ಸಿಗುವ ವೈರು ತಂದರೆ ಬೀಗಕ್ಕೆ ಕೀಲಿ ಕೂತಂತೆ ಸಲೀಸಾಗಿ ಕೂರುತ್ತದೆ. ಕೂತಿತಲ್ಲ, ಸರಿಯಾಗೇ ಇದೆ ಅಂತ ನಾವು ಸ್ವಿಚ್ಚು ಹಾಕುತ್ತೇವೆ.

ಇನ್ನು ಕೆಲವರು ಚಪ್ಪಟೆ ಕಾಲಿನ ಪ್ಲಗ್ಗಿಗೆ ಅಡಾಪ್ಟರ್ ತರುತ್ತಾರೆ. ಅಂಗಡಿಯವರು ದಯವಿಟ್ಟು ಇದೊಂದು ಮಾತು ಗಿರಾಕಿಗೆ ಹೇಳಿ ಕೊಡಿ. ಆ ಅಡಾಪ್ಟರ್ ಕಾಲಿನ ಆಕಾರ ಬದಲಿಸುತ್ತೆ, ವೋಲ್ಟೇಜ್ ಬದಲಿಸುವುದಿಲ್ಲ. ವೇಷ ಬದಲಾಯಿತೆಂದು ಮನುಷ್ಯ ಬದಲಾಗುತ್ತಾನೆಯೇ?

ಒಳಗೆ ಏನು ಸುಡುತ್ತದೆ?

ಸೆಟ್ಟಿನ ಒಳಗೆ ಕಬ್ಬಿಣದ ತಗಡು, ತಾಮ್ರದ ಸುರುಳಿ ಸೇರಿದ ಒಂದು ಟ್ರಾನ್ಸ್‌ಫಾರ್ಮರ್ ಇರುತ್ತದೆ. ಗೋಡೆಯ ದೊಡ್ಡ ವೋಲ್ಟನ್ನು ಸೆಟ್ಟಿಗೆ ಬೇಕಾದ 9, 12 ಅಥವಾ 15 ವೋಲ್ಟಿನ ಮಟ್ಟಕ್ಕೆ ಇಳಿಸುವುದು ಇದರ ಕೆಲಸ. ಎಷ್ಟು ಸುತ್ತು ತಂತಿ ಸುತ್ತಿದ್ದಾರೆ ಎನ್ನುವುದರ ಮೇಲೆ ಇಳಿಕೆ ನಿಂತಿದೆ.

ಜಪಾನಿನ ಸೆಟ್ಟಿನಲ್ಲಿ 100 ಬಂದರೆ 12 ಇಳಿಯಲಿ ಎಂದು ಸುತ್ತಿರುತ್ತಾರೆ. ನಾವು 230 ಕೊಟ್ಟೆವು. ಎರಡೂ ಕಾಲು ಪಟ್ಟಿಗಿಂತ ಜಾಸ್ತಿಯಾಯಿತು. ಲೆಕ್ಕದ ಪ್ರಕಾರ 12 ಬರಬೇಕಾದ ಜಾಗದಲ್ಲಿ 27 ದಾಟಿ ಬರುತ್ತದೆ. ಅಲ್ಲಿ ಕೂತಿರುವ ಕೆಪಾಸಿಟರು ಅಷ್ಟು ತಡೆಯಲು ಹುಟ್ಟಿದ್ದಲ್ಲ. ಉಬ್ಬುತ್ತದೆ, ಸಿಡಿಯುತ್ತದೆ. ಸ್ಪೀಕರಿಗೆ ಶಕ್ತಿ ಕೊಡುವ ಐಸಿ ಸಾಯುತ್ತದೆ.

ಟ್ರಾನ್ಸ್‌ಫಾರ್ಮರ್ ಪಾಡೂ ಅದೇ. ಅದರ ಕಬ್ಬಿಣ ಇಷ್ಟೇ ಕಾಂತಶಕ್ತಿ ಹಿಡಿಯಬಲ್ಲೆ ಎನ್ನುವ ಒಂದು ಮಿತಿಯಲ್ಲಿರುತ್ತದೆ. ತುಂಬಿದ ಕೊಡಕ್ಕೆ ಮತ್ತೆ ನೀರು ಸುರಿದ ಹಾಗೆ, ಮಿತಿ ದಾಟಿದ ಮೇಲೆ ತಂತಿಯಲ್ಲಿ ಕರೆಂಟು ಎರ್ರಾಬಿರ್ರಿ ಹರಿಯುತ್ತದೆ. ತಂತಿ ಕಾದು ಮೇಲಿನ ವಾರ್ನಿಶ್ ಕರಗುತ್ತದೆ. ಆ ಗುಂಯ್ ಸದ್ದು, ಆ ವಾಸನೆ ಇದರದ್ದೇ. ಎಷ್ಟೋ ಟ್ರಾನ್ಸ್‌ಫಾರ್ಮರ್‌ಗಳ ಸುತ್ತಿನ ಒಳಗೆ ಶಾಖಕ್ಕೆ ಕಡಿದುಹೋಗುವ ಒಂದು ಫ್ಯೂಸು ಹುದುಗಿರುತ್ತದೆ. ಅದು ಮೊದಲು ಹೋದರೆ ಮನೆಯವರ ಪುಣ್ಯ. ಹೋಗದಿದ್ದರೆ ಬೆಂಕಿಯ ಮಾತು.

ಉಲ್ಟಾ ಆದರೆ ಅಷ್ಟು ಅಪಾಯವಿಲ್ಲ. 230ರ ಸೆಟ್ಟನ್ನು 127ರ ಊರಿನಲ್ಲಿ ಹಾಕಿದರೆ ದನಿ ಸೊರಗುತ್ತದೆ, ಕ್ಯಾಸೆಟ್ಟು ಕುಂಟುತ್ತದೆ. ಸಾಯುವುದಿಲ್ಲ.

ಬೆನ್ನ ಮೇಲಿನ ಪುಟ್ಟ ತಿರುಗಣೆ

ಜಪಾನಿನ ಕಂಪನಿಗಳು ದಡ್ಡರಲ್ಲ. ಒಂದೇ ಸೆಟ್ಟನ್ನು ನೂರು ದೇಶಕ್ಕೆ ಮಾರುವವರಿಗೆ ಈ ತಾಪತ್ರಯ ಗೊತ್ತಿತ್ತು. ಹಾಗಾಗಿ ಸ್ವದೇಶಕ್ಕೆ 100 ವೋಲ್ಟಿನದು, ಅಮೆರಿಕಕ್ಕೆ 120ರದು ಎಂದು ಒಂದೇ ಅಂಕೆಯ ಸೆಟ್ಟು ಮಾಡಿದರು. ಗಲ್ಫು, ಸಿಂಗಾಪುರದಂಥ, ನಾಲ್ಕು ಊರಿನವರು ಬಂದು ಕೊಳ್ಳುವ ಪೇಟೆಗಳಿಗೆ ಮಾತ್ರ ವೋಲ್ಟೇಜ್ ಬದಲಿಸುವ ತಿರುಗಣೆ ಇಟ್ಟರು. ಬೆನ್ನಲ್ಲಿ, ತಳದಲ್ಲಿ, ಇಲ್ಲವೇ ಶೆಲ್ ಹಾಕುವ ಗೂಡಿನ ಒಳಗೆ ಹುಡುಕಿ. ನಾಣ್ಯವನ್ನೋ ಸ್ಕ್ರೂಡ್ರೈವರನ್ನೋ ಹಾಕಿ ತಿರುಗಿಸುವಂಥದ್ದು. ಸುತ್ತ 110-127, 220, 240 ಎಂಬಂಥ ಅಂಕೆಗಳು.

ಈಗ ಸೌದಿಯ ಮಾತಿಗೆ ಬನ್ನಿ. ಜಿದ್ದಾದಲ್ಲಿ ದುಡಿದವರು ಅಲ್ಲಿ ಸೆಟ್ಟು ಕೊಂಡಾಗ ತಿರುಗಣೆ 110-127ರಲ್ಲಿ ಇರುವುದು ಸಹಜ. ಅಲ್ಲಿ ನಾಲ್ಕು ವರ್ಷ ಚೆನ್ನಾಗಿ ಹಾಡಿತು. ಆಮೇಲೆ ಬೊಂಬಾಯಿಯಲ್ಲಿ ಇಳಿದು, ರಾತ್ರಿಯಿಡೀ ಬಸ್ಸಿನಲ್ಲಿ ಮಡಿಲಲ್ಲಿ ಇಟ್ಟುಕೊಂಡು ಊರಿಗೆ ತಂದರು. ಆಗ ಕೊಂಕಣ ರೈಲೂ ಇರಲಿಲ್ಲ, ಅದು ಪೂರ್ತಿ ಓಡಿದ್ದು 1998ರಲ್ಲಿ. ಮನೆಯ ಜಗಲಿಯಲ್ಲಿ ನೆರೆಕರೆಯವರೆಲ್ಲ ಸುತ್ತ ನಿಂತಿದ್ದಾರೆ. ತಿರುಗಣೆ ಯಾರಿಗೆ ನೆನಪು? ಒಂದು ಎಳೆ ಹೊಗೆಯಲ್ಲಿ ಎಲ್ಲ ಮುಗಿಯಿತು.

ಹೀಗೆ ಆಗದೆ ಉಳಿದ ಸೆಟ್ಟುಗಳೂ ಅಟ್ಟದ ಮೇಲಿವೆ. ಬ್ಯಾಟರಿಯಲ್ಲೇ ಕೇಳಿ ಎತ್ತಿಟ್ಟದ್ದಾದರೆ ತಿರುಗಣೆ ಇನ್ನೂ 127ರಲ್ಲೇ ಕೂತಿರಲಿಕ್ಕೂ ಸಾಕು. ಇಳಿಸಿದ ಕೂಡಲೇ ನೋಡಬೇಕಾದ್ದು ಅದನ್ನೇ. ನಮ್ಮ ಊರಿಗೆ 230 ಅಥವಾ 240ಕ್ಕೆ ತಿರುಗಿಸಿ. 220 ಮತ್ತು 240 ಎರಡೂ ಇದ್ದರೆ ದೊಡ್ಡ ಅಂಕೆಯೇ ಕ್ಷೇಮ. ತಿರುಗಣೆ ತಿರುಗಿಸುವಾಗ ವೈರು ಗೋಡೆಯಿಂದ ಕಿತ್ತಿರಬೇಕು, ಇದು ಹೇಳಬೇಕಾಗಿಲ್ಲ.

50, 60ರ ಜಗಳ

ಬೆನ್ನ ಮೇಲೆ ವೋಲ್ಟಿನ ಪಕ್ಕ 50 ಹರ್ಟ್ಸ್, 60 ಹರ್ಟ್ಸ್ ಎಂದು ಇನ್ನೊಂದು ಅಂಕೆ ಕಾಣುತ್ತದೆ. ಕರೆಂಟು ಒಂದು ಸೆಕೆಂಡಿಗೆ ಎಷ್ಟು ಸಲ ಹಿಂದೆ ಮುಂದೆ ಓಡಾಡುತ್ತದೆ ಎನ್ನುವ ಲೆಕ್ಕ ಅದು.

ಇದರಲ್ಲಿ ಜಪಾನಿನ ಕತೆ ತಮಾಷೆಯದು. ಒಂದೇ ದೇಶ, ಒಂದೇ 100 ವೋಲ್ಟ್. ಆದರೆ ಟೋಕಿಯೊ ಇರುವ ಪೂರ್ವಕ್ಕೆ 50 ಹರ್ಟ್ಸ್, ಒಸಾಕಾ ಇರುವ ಪಶ್ಚಿಮಕ್ಕೆ 60. ಕಾರಣ? 1895-96ರ ಸುಮಾರಿಗೆ ಟೋಕಿಯೊದವರು ಜರ್ಮನಿಯ ಎಇಜಿ ಕಂಪನಿಯ ಜನರೇಟರ್ ತಂದರು, ಒಸಾಕಾದವರು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಿಂದ ತಂದರು. ಅಂದು ಬಿದ್ದ ಗೆರೆ ಇಂದಿಗೂ ಅಳಿಸಿಲ್ಲ. 2011ರ ಮಾರ್ಚಿನ ಭೂಕಂಪ, ಸುನಾಮಿಯಲ್ಲಿ ಪೂರ್ವ ಜಪಾನ್ ಕತ್ತಲಾದಾಗ ಪಶ್ಚಿಮದವರು ಬೇಕಾದಷ್ಟು ವಿದ್ಯುತ್ ದಾಟಿಸಲಾಗದೆ ಕೈಕಟ್ಟಿ ಕೂರಬೇಕಾಯಿತು. ಎರಡರ ನಡುವಿನ ಬದಲಾವಣೆ ಕೇಂದ್ರಗಳ ಶಕ್ತಿ ಸುಮಾರು 10 ಲಕ್ಷ ಕಿಲೋವ್ಯಾಟ್ ಅಷ್ಟೇ ಇತ್ತು.

ನಗಬೇಡಿ, ನಮ್ಮಲ್ಲೂ ಇಂಥದ್ದು ನಡೆದಿದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹೋದ ಕರೆಂಟು 25 ಹರ್ಟ್ಸಿನದು. ಇಂದಿನದಕ್ಕೆ ಸರಿಯಾಗಿ ಅರ್ಧ.

ಟೂ-ಇನ್-ಒನ್‌ಗೆ ಇದರಿಂದ ಏನಾಗುತ್ತದೆ? ಹಾಡಿನ ವೇಗ ಬದಲಾಗುವುದಿಲ್ಲ. ಕ್ಯಾಸೆಟ್ ತಿರುಗಿಸುವುದು ಬ್ಯಾಟರಿ ಜಾತಿಯ ಮೋಟಾರು, ಅದಕ್ಕೆ ಗೋಡೆಯ 50, 60 ತಿಳಿಯುವುದೇ ಇಲ್ಲ. ಹಳೇ ಗ್ರಾಮಫೋನ್ ಪ್ಲೇಯರುಗಳಲ್ಲಿ, ಮನೆಯ ಕರೆಂಟಿನಿಂದಲೇ ಗಂಟೆ ಎಣಿಸುವ ಗಡಿಯಾರಗಳಲ್ಲಿ ಮಾತ್ರ ತೊಂದರೆ. ಅಮೆರಿಕದ ಅಂಥ ರೇಡಿಯೋ ಗಡಿಯಾರ ನಮ್ಮಲ್ಲಿ ಗಂಟೆಗೆ ಹತ್ತು ನಿಮಿಷ ಹಿಂದೆ ಬೀಳುತ್ತದೆ.

ಒಂದು ಎಚ್ಚರಿಕೆ ಇದೆ. ಬರೀ 60 ಹರ್ಟ್ಸ್ ಎಂದು ಬರೆದ ಟ್ರಾನ್ಸ್‌ಫಾರ್ಮರ್ 50ರಲ್ಲಿ ಸ್ವಲ್ಪ ಜಾಸ್ತಿ ಬಿಸಿಯಾಗುತ್ತದೆ. ಬಹಳ ಸೆಟ್ಟುಗಳಲ್ಲಿ ಪವರ್ ಬಟನ್ ಆರಿಸಿದರೂ ಟ್ರಾನ್ಸ್‌ಫಾರ್ಮರ್ ಆರುವುದಿಲ್ಲ, ರಾತ್ರಿಯಿಡೀ ಕಾಯುತ್ತಲೇ ಇರುತ್ತದೆ. ಕೇಳಿ ಮುಗಿದ ಮೇಲೆ ಗೋಡೆಯ ಸ್ವಿಚ್ಚು ಆರಿಸುವ ಅಭ್ಯಾಸ ಒಳ್ಳೆಯದು.

ಎಫ್‌ಎಂ ಬರೋದಿಲ್ಲ ಮಾರಾಯ್ರೇ!

ಕರೆಂಟಿನ ಗಂಡಾಂತರ ದಾಟಿ ಸೆಟ್ಟು ಹತ್ತಿತು ಅನ್ನಿ. ಕ್ಯಾಸೆಟ್ ಚೆನ್ನಾಗಿ ಓಡುತ್ತದೆ. ಎಫ್‌ಎಂ ಮಾತ್ರ ಬರೀ ಸುಂಯ್. ರಿಪೇರಿಗೆ ತೆಗೆದುಕೊಂಡು ಹೋಗುತ್ತಾರೆ. ಅಲ್ಲಿ ರೋಗವೇ ಇಲ್ಲ!

ಜಪಾನಿನ ಎಫ್‌ಎಂ ನಮ್ಮದಲ್ಲ. ನಮ್ಮದು 88ರಿಂದ 108 ಮೆಗಾಹರ್ಟ್ಸ್. ಆ ಸೆಟ್ಟುಗಳ ಕಾಲದಲ್ಲಿ ಅವರದು 76ರಿಂದ 90. ಎರಡೂ ಕೂಡುವ ಜಾಗ 88ರಿಂದ 90, ಎರಡೇ ಮೆಗಾಹರ್ಟ್ಸ್. ಬೆಂಗಳೂರಿನಲ್ಲಿ 2001ರಲ್ಲಿ ಶುರುವಾದ ದೇಶದ ಮೊದಲ ಖಾಸಗಿ ಎಫ್‌ಎಂ ರೇಡಿಯೋ ಸಿಟಿ ಕೂತದ್ದು 91ರಲ್ಲಿ. ಜಪಾನಿನ ಮುಳ್ಳು 90ಕ್ಕೇ ನಿಲ್ಲುತ್ತದೆ. ಬಾಗಿಲ ತನಕ ಹೋಗಿ ಒಳಗೆ ಕಾಲಿಡಲಾಗದ ಹಾಗೆ. ಆಕಾಶವಾಣಿಯ 101.3 ಅಂತೂ ಇನ್ನೂ ಹತ್ತು ಮೆಗಾಹರ್ಟ್ಸ್ ಆಚೆ.

ಜಪಾನಿನ ಕೆಲವು ಸೆಟ್ಟುಗಳಲ್ಲಿ ಮಾತ್ರ 76ರಿಂದ 108ರ ತನಕ ಇರುತ್ತದೆ. ಅದು ನಮ್ಮ ಮೇಲಿನ ಕರುಣೆಯಿಂದ ಅಲ್ಲ. ಅಲ್ಲಿನ ಟಿವಿಯ 1, 2, 3ನೇ ಚಾನೆಲ್‌ಗಳು 90ರಿಂದ 108ರಲ್ಲಿ ಇದ್ದವು. ಟಿವಿ ನೋಡದೆ ಅದರ ಮಾತನ್ನಾದರೂ ರೇಡಿಯೋದಲ್ಲಿ ಕೇಳಲಿ ಎಂದು ಅವಕಾಶ ಕೊಟ್ಟಿದ್ದರು. ಆ ಹಳೇ ಪದ್ಧತಿಯ ಟಿವಿ ಜಪಾನಿನ ಬಹುಭಾಗದಲ್ಲಿ 2011ರಲ್ಲಿ ನಿಂತಿತು. ಟಿವಿಗೆಂದು ಇಟ್ಟ ಆ ಪಟ್ಟಿ ಇಂದು ನಮಗೆ ವರವಾಗಿದೆ. ಜಪಾನಿನ ಸೆಟ್ಟು ಕೊಳ್ಳುವವರು ಮುಳ್ಳಿನ ಪಟ್ಟಿಯ ಫೋಟೋ ಕೇಳಿ ನೋಡಿ, 108 ಇದೆಯೋ ಇಲ್ಲವೋ.

ಯುರೋಪಿನ 1970ರ ದಶಕದ ಹಲವು ಸೆಟ್ಟುಗಳು 104ಕ್ಕೇ ನಿಲ್ಲುತ್ತವೆ. ಸೋವಿಯತ್ ರಷ್ಯಾದ ಎಫ್‌ಎಂ ಇನ್ನೂ ಕೆಳಗೆ, 65.8ರಿಂದ 74. ಅಲ್ಲಿನ ಸೆಟ್ಟಿನಲ್ಲಿ ನಮ್ಮ ಎಫ್‌ಎಂ ಒಂದೂ ಸಿಗದು. ಅಮೆರಿಕದ್ದು 88-108 ಸರಿಹೋಗುತ್ತದೆ. ಆದರೆ ಅಲ್ಲಿ ಎಫ್‌ಎಂನ ತೀಕ್ಷ್ಣ ಸ್ವರಗಳನ್ನು ಎತ್ತಿ ಕಳಿಸುವ, ಸೆಟ್ಟಿನಲ್ಲಿ ಇಳಿಸುವ ಲೆಕ್ಕ ನಮ್ಮದಕ್ಕಿಂತ ಬೇರೆ. ಹಾಗಾಗಿ ನಮ್ಮ ನಿಲಯ ಅದರಲ್ಲಿ ತುಸು ಮಂಕಾಗಿ ಕೇಳುತ್ತದೆ. ಟ್ರೆಬಲ್ ಸ್ವಲ್ಪ ಏರಿಸಿದರೆ ಆಯ್ತು.

ಆ ಕಾಲದಲ್ಲಿ ನಮ್ಮವರ ದೂರು ಇನ್ನೊಂದು ರೀತಿಯದು. ಭಾರತದಲ್ಲಿ ಎಫ್‌ಎಂ ಮೊದಲು ಬಂದದ್ದೇ 1977ರಲ್ಲಿ, ಮದ್ರಾಸಿನಲ್ಲಿ. ನಮ್ಮ ಊರಿಗೆ ಬರಲು ಎಷ್ಟೋ ವರ್ಷ ಹಿಡಿಯಿತು. ಆಗ ಇಲ್ಲಿ ಬೇಕಾಗಿದ್ದದ್ದು ಮೀಡಿಯಂ ವೇವ್ ಮತ್ತು ಶಾರ್ಟ್‌ವೇವ್. ರೇಡಿಯೋ ಸಿಲೋನ್ ಬರಬೇಕಾದದ್ದು ಶಾರ್ಟ್‌ವೇವಿನಲ್ಲಿ. ಅಮೆರಿಕಕ್ಕೆಂದು ಮಾಡಿದ ಸೆಟ್ಟುಗಳಲ್ಲಿ ಸಾಮಾನ್ಯವಾಗಿ ಎಎಂ, ಎಫ್‌ಎಂ ಎರಡೇ. ಯುರೋಪಿನದರಲ್ಲಿ ಲಾಂಗ್‌ವೇವ್ ಎಂಬ ಇನ್ನೊಂದು ಪಟ್ಟಿ. ನಮ್ಮಲ್ಲಿ ಅದರಲ್ಲಿ ಹಾಡು ಹಾಕುವವರೇ ಇರಲಿಲ್ಲ. ಗಲ್ಫಿನ ಪೇಟೆಗೆ ಬಂದ ಸೆಟ್ಟಿನಲ್ಲಿ ಮೀಡಿಯಂ ವೇವ್, ಎರಡು ಶಾರ್ಟ್‌ವೇವ್, ಎಫ್‌ಎಂ ಎಲ್ಲ ಕೂಡಿರುತ್ತಿತ್ತು. ನಮ್ಮವರು ತಂದ ಮಾಲು ಊರಿಗೆ ಒಗ್ಗಿದ್ದಕ್ಕೆ ಕಾರಣ ಇದೂ ಒಂದು.

ಅಂಕೆ ತೋರಿಸುವ ಡಿಜಿಟಲ್ ಸೆಟ್ಟಿನಲ್ಲಿ ಮತ್ತೊಂದು ತೊಡಕು. ಮೀಡಿಯಂ ವೇವಿನಲ್ಲಿ ಅಮೆರಿಕದ ನಿಲಯಗಳು ಹತ್ತು ಹತ್ತರ ಹೆಜ್ಜೆ, ನಮ್ಮವು ಒಂಬತ್ತು ಒಂಬತ್ತರ ಹೆಜ್ಜೆ. ನಮ್ಮವರಿಗೆ ಬಾಯಿಪಾಠವಾಗಿದ್ದ ಬೆಂಗಳೂರಿನ 612, ಧಾರವಾಡದ 765 ಎರಡನ್ನೂ ಒಂಬತ್ತರಿಂದ ಭಾಗಿಸಿ ನೋಡಿ, ಸರಿಯಾಗಿ ಹೋಗುತ್ತದೆ. ಅಮೆರಿಕದ ಡಿಜಿಟಲ್ ಸೆಟ್ಟು 760ರಿಂದ 770ಕ್ಕೆ ಜಿಗಿಯುತ್ತದೆ, ಧಾರವಾಡ ನಡುವೆ ಸಿಕ್ಕಿಕೊಳ್ಳುತ್ತದೆ. ಕೆಲವು ಸೆಟ್ಟುಗಳಲ್ಲಿ 9-10 ಬದಲಿಸುವ ಗುಂಡಿ ಇರುತ್ತದೆ. ಮುಳ್ಳು ತಿರುಗಿಸುವ ಹಳೇ ಸೆಟ್ಟಿಗೆ ಈ ಕಾಟವೇ ಇಲ್ಲ.

ಹೆಸರು ಬೇರೆ, ಹೊಟ್ಟೆ ಒಂದೇ

ನ್ಯಾಷನಲ್ ಎನ್ನುವುದು ಜಪಾನಿನ ಮತ್ಸುಷಿತಾ ಕಂಪನಿಯ ಹೆಸರು. ಅಮೆರಿಕದಲ್ಲಿ ಆ ಹೆಸರಿನ ಇನ್ನೊಂದು ರೇಡಿಯೋ ಕಂಪನಿ ಮೊದಲೇ ಇದ್ದುದರಿಂದ ಅಲ್ಲಿ ಪ್ಯಾನಸೋನಿಕ್ ಎಂದು ಮಾರಿದರು. ನಮ್ಮ ಕಡೆ ಎರಡೂ ಸೇರಿ ನ್ಯಾಷನಲ್ ಪ್ಯಾನಸೋನಿಕ್. 2008ರಲ್ಲಿ ಕಂಪನಿಯೇ ತನ್ನ ಹೆಸರನ್ನು ಪ್ಯಾನಸೋನಿಕ್ ಎಂದು ಬದಲಿಸಿಕೊಂಡಿತು. ಹಾಗೆಯೇ ಜೆವಿಸಿ ಎಂದರೆ ಜಪಾನ್ ವಿಕ್ಟರ್ ಕಂಪನಿ. ಹೊರಗೆ ಜೆವಿಸಿ, ಸ್ವದೇಶದಲ್ಲಿ ವಿಕ್ಟರ್.

ಈ ತಿಳಿವಳಿಕೆ ಕೊಳ್ಳುವವರಿಗೆ ಯಾಕೆ ಬೇಕು? ಮುಖದ ಮೇಲೆ ಬರೀ ‘ವಿಕ್ಟರ್’ ಎಂದಿದ್ದರೆ ಅದು ಜಪಾನಿನ ಒಳಪೇಟೆಯ ಮಾಲು ಇರುವ ಸಂಭವ ಹೆಚ್ಚು. ಗುಂಡಿಗಳ ಸುತ್ತ ಜಪಾನಿ ಅಕ್ಷರ ಇದ್ದರಂತೂ ಅನುಮಾನವೇ ಬೇಡ. ಅಂದರೆ 100 ವೋಲ್ಟ್, 76-90 ಎಫ್‌ಎಂ. ಮಾದರಿಯ ನಂಬರು ಒಂದೇ ಇದ್ದರೂ ಕೊನೆಯಲ್ಲಿ ಬರುವ ಒಂದೆರಡು ಅಕ್ಷರ ಬೇರೆ ಇರುತ್ತದೆ. ಅದು ಯಾವ ದೇಶಕ್ಕೆ ಎನ್ನುವ ಗುರುತು. ಒಂದೇ ತಾಯಿಯ ಮಕ್ಕಳು, ಬೇರೆ ಬೇರೆ ಮನೆಗೆ ದತ್ತು ಹೋದವರು.

ವ್ಯಾಟಿನ ಬುರುಡೆ

ಇನ್ನೊಂದು ಅಂಕೆಗೂ ಮರುಳಾಗಬೇಡಿ. ವ್ಯಾಟ್! ದೇಶ ದೇಶದಲ್ಲಿ ಅಳತೆಯ ಕ್ರಮ ಬೇರೆ. ಜರ್ಮನಿಯ ಪದ್ಧತಿಯಲ್ಲಿ ಒಂದು, ಜಪಾನಿನದರಲ್ಲಿ ಒಂದು. ಆಮೇಲೆ ಪಿಎಂಪಿಒ ಎಂಬ ಮಹಾಶಯ ಬಂದ. ಅಂಗೈಯಗಲದ ಸ್ಪೀಕರಿಗೆ ಮುನ್ನೂರು, ಐನೂರು ವ್ಯಾಟ್ ಅಂತ ಸ್ಟಿಕ್ಕರು!

ಸುಳ್ಳು ಹಿಡಿಯುವುದು ಸುಲಭ. ಬೆನ್ನ ಮೇಲೆ ಸೆಟ್ಟು ಎಷ್ಟು ಕರೆಂಟು ತಿನ್ನುತ್ತದೆ ಎಂದು ವ್ಯಾಟಿನಲ್ಲಿ ಬರೆದಿರುತ್ತದೆ. 25 ವ್ಯಾಟ್ ತಿನ್ನುವ ಸೆಟ್ಟು ಎಡೆಬಿಡದೆ 300 ವ್ಯಾಟ್ ಹಾಡೀತೇ? ಅರ್ಧ ಸೇರು ಅಕ್ಕಿಯಲ್ಲಿ ಊರಿಗೆ ಊಟ ಹಾಕಿದ ಹಾಗಾಯ್ತು.

ಹಾಗಾದರೆ ಏನು ಮಾಡೋದು?

ಮೊದಲು ಬೆನ್ನ ಪಟ್ಟಿ ಓದಿ. ಅಕ್ಷರ ಸವೆದಿದ್ದರೆ ಟಾರ್ಚು, ಭೂತಕನ್ನಡಿ ಹಿಡಿಯಿರಿ. ಆಗಲೂ ಓದಲಾಗದಿದ್ದರೆ ಪ್ಲಗ್ ಹಾಕಲೇಬೇಡಿ, ತಿಳಿದವರಿಗೆ ತೋರಿಸಿ.

ಸೆಟ್ಟು ಕೊಳ್ಳುವಾಗ ಬ್ಯಾಟರಿಯಲ್ಲೇ ಪರೀಕ್ಷೆ ಮಾಡಿ. ದೇವರ ದಯೆ, ದೊಡ್ಡ ಶೆಲ್ಲು ಜಗತ್ತಿನಲ್ಲೆಲ್ಲ ಒಂದೂವರೆ ವೋಲ್ಟೇ. ಆರು ಹಾಕಿದರೆ 9, ಎಂಟು ಹಾಕಿದರೆ 12, ಹತ್ತು ಹಾಕಿದರೆ 15. ಅದು ಟೋಕಿಯೊದಲ್ಲೂ ಅಷ್ಟೇ, ತೊಕ್ಕೊಟ್ಟಿನಲ್ಲೂ ಅಷ್ಟೇ. ಶೆಲ್ಲಿನಲ್ಲಿ ಹಾಡಿದರೆ ಸೆಟ್ಟು ಜೀವಂತ. ಕೇಳಿ ಆದ ಮೇಲೆ ಶೆಲ್ಲು ತೆಗೆದಿಡಿ, ಇಲ್ಲದಿದ್ದರೆ ಸೋರಿ ಒಳಗಿನ ತಗಡು ತಿನ್ನುತ್ತದೆ.

ಒಂದೇ ವೋಲ್ಟಿನ ವಿದೇಶಿ ಸೆಟ್ಟಿಗೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಅಮೆರಿಕದ್ದಕ್ಕೆ 230ರಿಂದ 110-120. ಜಪಾನಿನದಕ್ಕೆ 230ರಿಂದ 100. ‘110 ಇದೆ, ನಡೆಯುತ್ತೆ’ ಅಂತ ಅಂಗಡಿಯಲ್ಲಿ ಕೊಟ್ಟರೆ ಒಂದು ಲೆಕ್ಕ ಮಾಡಿ. 220ಕ್ಕೆ 110 ಕೊಡುವುದು, ನಮ್ಮ 230ಕ್ಕೆ 115 ಕೊಡುತ್ತದೆ. 100ರ ಸೆಟ್ಟಿಗೆ ಅದು ನೂರಕ್ಕೆ ಹದಿನೈದು ಜಾಸ್ತಿ. ಕೂಡಲೇ ಸುಡದಿರಬಹುದು, ಆಯಸ್ಸು ಕಡಿಮೆಯಾಗುತ್ತದೆ. ಟ್ರಾನ್ಸ್‌ಫಾರ್ಮರ್ ಸುತ್ತುವವರ ಹತ್ತಿರ ಹೇಳಿ 100ರದ್ದೇ ಸುತ್ತಿಸಿಕೊಳ್ಳುವುದು ಮೇಲು. ಬೆನ್ನ ಮೇಲಿನ ವ್ಯಾಟಿನ ದುಪ್ಪಟ್ಟು ತಾಕತ್ತಿನದು ಇರಲಿ.

ಸುತ್ತಿಸುವಾಗ ಎರಡು ಸುರುಳಿ ಬೇರೆ ಬೇರೆ ಇರುವ ಜಾತಿಯದನ್ನೇ ಕೇಳಿ. ಆಟೋ ಟ್ರಾನ್ಸ್‌ಫಾರ್ಮರ್ ಎಂಬ ಅಗ್ಗದ ಜಾತಿಯಲ್ಲಿ ಒಂದೇ ಸುರುಳಿ. ವೋಲ್ಟು ಇಳಿಸುತ್ತದೆ ನಿಜ, ಗೋಡೆಯ ಕರೆಂಟಿಗೂ ಸೆಟ್ಟಿಗೂ ನಂಟು ಕಡಿಯುವುದಿಲ್ಲ. ಹಾಗೆಯೇ ಪ್ರಯಾಣಿಕರಿಗೆಂದು ಮಾರುವ, ತೂಕವೇ ಇಲ್ಲದ ಕೆಲವು ಕನ್ವರ್ಟರುಗಳು ತಲೆಗೂದಲು ಒಣಗಿಸುವ ಯಂತ್ರಕ್ಕೆ ಸರಿ, ರೇಡಿಯೋಗಲ್ಲ.

ಸೆಟ್ಟಿನಲ್ಲಿ ‘ಡಿಸಿ ಇನ್’ ಎಂಬ ತೂತು ಇದ್ದರೆ ಇನ್ನೂ ಸಲೀಸು. ಅಷ್ಟೇ ವೋಲ್ಟಿನ ಒಳ್ಳೆಯ ಅಡಾಪ್ಟರ್ ಸಾಕು. ಆದರೆ ತೂತಿನ ಪಕ್ಕದ ಗುರುತು ನೋಡಿ. ಇಂದಿನ ಅಡಾಪ್ಟರುಗಳಲ್ಲಿ ಸಾಮಾನ್ಯವಾಗಿ ನಡುವೆ ಪ್ಲಸ್. ಜಪಾನಿನ ಹಳೇ ಸೆಟ್ಟುಗಳಲ್ಲಿ ಬಹಳಕ್ಕೆ ನಡುವೆ ಮೈನಸ್. ಉಲ್ಟಾ ಕೊಟ್ಟರೆ 9 ವೋಲ್ಟಿನಲ್ಲೂ ಸಾವು ಬರುತ್ತದೆ.

ಈಗಾಗಲೇ ಸುಟ್ಟಿದೆಯೇ? ಗುಜರಿಗೆ ಹಾಕುವ ಅವಸರ ಬೇಡ. ಒಳಗಿನ ಫ್ಯೂಸು ಮಾತ್ರ ಹೋಗಿದ್ದರೆ, ಟ್ರಾನ್ಸ್‌ಫಾರ್ಮರ್ ಒಂದೇ ಹೋಗಿದ್ದರೆ, ಶೆಲ್ಲು ಹಾಕಿದಾಗ ಸೆಟ್ಟು ಹಾಡಬಹುದು. ಹಾಡಿದರೆ ನಮ್ಮ 230ಕ್ಕೇ ಸುತ್ತಿದ ಹೊಸ ಟ್ರಾನ್ಸ್‌ಫಾರ್ಮರ್ ಒಳಗೆ ಕೂರಿಸಬಹುದು. ರೇಡಿಯೋ ರಿಪೇರಿಯವರು ಈಗ ಊರಿಗೊಬ್ಬರೂ ಉಳಿದಿಲ್ಲ ನಿಜ. ಉಳಿದವರನ್ನು ಹುಡುಕಿ ಹೋಗಿ. ಅವರಿಗೂ ಕೆಲಸ, ನಮಗೂ ಸೆಟ್ಟು.

ಕ್ಯಾಸೆಟ್ಟಿಗೆ ದೇಶವಿಲ್ಲ

ಇಷ್ಟೆಲ್ಲ ಬೇರೆ ಬೇರೆ ಇರುವ ಲೋಕದಲ್ಲಿ ಒಂದೇ ಒಂದು ವಸ್ತು ಎಲ್ಲ ಕಡೆ ಒಂದೇ. ಅದು ಕ್ಯಾಸೆಟ್ಟು. ಹಾಲೆಂಡಿನ ಫಿಲಿಪ್ಸ್ ಕಂಪನಿ 1963ರಲ್ಲಿ ಬರ್ಲಿನ್ನಿನ ಪ್ರದರ್ಶನದಲ್ಲಿ ಇಟ್ಟ ಪುಟ್ಟ ಪೆಟ್ಟಿಗೆ ಇದು. ಬೇರೆ ಕಂಪನಿಯವರಿಗೂ ಮಾಡಲು ಬಿಟ್ಟರು, ಆದರೆ ಅಳತೆ ಬದಲಿಸಲು ಬಿಡಲಿಲ್ಲ. ಟೇಪಿನ ಅಗಲ 3.81 ಮಿಲಿಮೀಟರ್, ಓಟ ಸೆಕೆಂಡಿಗೆ 4.76 ಸೆಂಟಿಮೀಟರ್. ಎಲ್ಲಿ ಮಾಡಿದರೂ ಇದೇ. ಕುವೈತಿನ ಕೋಣೆಯಲ್ಲಿ ಮಾತಾಡಿ ತುಂಬಿದ ಕ್ಯಾಸೆಟ್ಟು ಕುಂದಾಪುರದ ಜಗಲಿಯಲ್ಲಿ ಅದೇ ದನಿಯಲ್ಲಿ ಮಾತಾಡಿದ್ದು ಇದರಿಂದಲೇ. ವೋಲ್ಟೇಜಿನವರಿಗೆ, ಎಫ್‌ಎಂನವರಿಗೆ ಇಲ್ಲದ ಬುದ್ಧಿ ಇಲ್ಲಿ ಕೆಲಸ ಮಾಡಿತು.

ಆದರೆ ಟೇಪು ಚಿರಂಜೀವಿಯಲ್ಲ. ನಮ್ಮ ಕರಾವಳಿಯ ಥಂಡಿಗೆ ಬೂಸ್ಟು ಹಿಡಿಯುತ್ತದೆ, ಒಳಗಿನ ಸ್ಪಂಜು ಉದುರುತ್ತದೆ. ಮನೆಯವರ ದನಿ ಇರುವ ಕ್ಯಾಸೆಟ್ಟನ್ನು ಹೊಸದಾಗಿ ಇಳಿಸಿದ ಸೆಟ್ಟಿಗೆ ಮೊದಲು ಹಾಕಬೇಡಿ. ಕಳೆದುಹೋದರೂ ಚಿಂತೆಯಿಲ್ಲದ ಯಾವುದಾದರೂ ಹಾಡಿನ ಕ್ಯಾಸೆಟ್ಟು ಹಾಕಿ, ಟೇಪು ಸುತ್ತಿಕೊಳ್ಳುವುದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಹೆಡ್ಡು ಒರೆಸಿ. ಕ್ಯಾಸೆಟ್ಟಿನ ಮೇಲಂಚಿನ ಎರಡು ಪುಟ್ಟ ಚೂರು ಮುರಿದಿಡಿ, ಮೇಲೆ ತಪ್ಪಿ ಬೇರೇನೂ ರೆಕಾರ್ಡ್ ಆಗದ ಹಾಗೆ. ಆಮೇಲೆ ಹಾಡಿಸಿ, ಅದೇ ಹೊತ್ತಿಗೆ ಲೈನ್ ಔಟ್ ತೂತಿನಿಂದ ಕಂಪ್ಯೂಟರಿಗೋ ಮೊಬೈಲಿಗೋ ತುಂಬಿಸಿಕೊಂಡುಬಿಡಿ. ಎರಡನೇ ಸಲ ಹಾಡುತ್ತದೆಂಬ ಭರವಸೆ ಇಲ್ಲ.

ಸೆಟ್ಟು ಸುಟ್ಟರೆ ಇನ್ನೊಂದು ಸಿಗುತ್ತದೆ, ದುಬಾರಿಯಾದರೂ ಸಿಗುತ್ತದೆ. ಕ್ಯಾಸೆಟ್ಟಿನ ಒಳಗಿನ ಅಪ್ಪ, ಅಜ್ಜಿ ಇನ್ನೊಂದು ಸಿಗುವುದಿಲ್ಲ. ಈ ರಾತ್ರಿ ಅಟ್ಟ ಹತ್ತುವವರು ಒಂದು ಟಾರ್ಚು ಹಿಡಿದುಕೊಂಡೇ ಹತ್ತಿ. ಮೊದಲು ಬೆನ್ನ ಪಟ್ಟಿ ಓದಿ, ಪ್ಲಗ್ಗು ಆಮೇಲೆ.